ಅರವತ್ತೊಂದನೇ ಕಲ್ಲಿನ ತಿರುವು

ಬೆಳಗ್ಗೆ ಏಳಕ್ಕೆ ಹೆಂಡತಿ ಹೊರಗೆ ಕಾರಿನ ಹಾರ್ನನ್ನು ಎರಡು ಸಲ ಒತ್ತಿದಾಗ ಅವನು ಇನ್ನೂ ಊಟದ ಮೇಜಿನ ಎದುರಿನ ಗೋಡೆಯ ಮುಂದೆ, ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಗೋಡೆಯ ಮೇಲೆ ರಾಜ್ಯದ ರಸ್ತೆಗಳ ನಕ್ಷೆ. ಅವನೇ ಬರೆದದ್ದು, ನಿವೃತ್ತಿಯ ದಿನ ರಸ್ತೆ ಇಲಾಖೆಯವರು ಅದಕ್ಕೆ ಗಾಜು, ಕಟ್ಟು ಹಾಕಿಸಿ ಅವನಿಗೇ ಉಡುಗೊರೆ ಕೊಟ್ಟು ಕೈ ತೊಳೆದುಕೊಂಡಿದ್ದರು. ನಲವತ್ತೆರಡು ರಾಜ್ಯ ಹೆದ್ದಾರಿಗಳಲ್ಲಿ ನಲವತ್ತೊಂದರ ಮೇಲೆ ಹೆಂಡತಿ ಗಾಜಿನ ಮೇಲೆಯೇ ಕೆಂಪು ಬಣ್ಣದಲ್ಲಿ ಗೀಟು ಎಳೆದಿದ್ದಳು. ಎರಡು ವರ್ಷದಿಂದ ಪ್ರತಿ ಭಾನುವಾರ ಒಂದು ರಸ್ತೆ, ಉದ್ದದ್ದಾದರೆ ಎರಡು ಭಾನುವಾರ. ಮೊದಲ ಮೈಲಿಗಲ್ಲಿನಿಂದ ಕೊನೆಯ ಕಲ್ಲಿನವರೆಗೆ, ನಡುವೆ ಒಂದು ಕಲ್ಲನ್ನೂ ಹಾರಿಸುವಂತಿಲ್ಲ ಎಂಬುದು ಅವಳ ಕಾನೂನು. ಉಳಿದದ್ದು ಮೂವತ್ತೇಳನೆಯದು ಒಂದೇ. ಅದನ್ನು ತಪ್ಪಿಸಲು ಅವನು ಮಾಡದ ಉಪಾಯವಿಲ್ಲ. ಸೇತುವೆ ರಿಪೇರಿಯಂತೆ ಎಂದ. ಆ ದಾರಿಯಲ್ಲಿ ಕುಡಿಯುವ ಹಾಗೆ ಟೀ ಸಿಗುವುದಿಲ್ಲ ಎಂದ. ಒಂದು ಸಲ ಕಾಲು ಉಳುಕಿದೆಯೆಂದು ಮೂರು ದಿನ ಕುಂಟಿ, ನಾಲ್ಕನೆಯ ದಿನ ಉಳುಕಿದ್ದು ಯಾವ ಕಾಲೆಂದು ಮರೆತು ಸಿಕ್ಕಿಬಿದ್ದ. ಈಗ ಹೇಳಲು ಒಂದು ಸುಳ್ಳೂ ಉಳಿದಿರಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಮೂವತ್ತೇಳರ ಗೆರೆಯ ನಡುವೆ ಕೂದಲೆಳೆಯಷ್ಟು ಒಂದು ಬಾಗು, ಅವನೊಬ್ಬನಿಗೇ ಕಾಣುವಂಥದ್ದು, ಇದ್ದಲ್ಲಿಯೇ ಇತ್ತು. ಹೊರಗೆ ಮತ್ತೆ ಹಾರ್ನು ಕೇಳಿತು.

"ಬಾಗಿಲು ಹಾಕಿದ್ರಾ? ಗ್ಯಾಸು?" ಎಂದಳು ಅವನು ಪಕ್ಕದಲ್ಲಿ ಕೂತ ಮೇಲೆ.

"ಹಾಕಿದೆ."

"ಮುಖ ಯಾಕೆ ಹೀಗೆ? ಹಲ್ಲು ಕೀಳಿಸೋಕೆ ಹೊರಟೋರ ಹಾಗೆ ಕೂತಿದ್ದೀರಿ."

ಅವನು ನಕ್ಕಂತೆ ಮಾಡಿದ. ಕಾರು ಬೀದಿಯ ಕೊನೆಗೆ ಬಂದು, ಬ್ರೆಡ್ಡಿನ ಅಂಗಡಿಯನ್ನೂ ಮುಚ್ಚಿದ ಅಂಚೆ ಕಚೇರಿಯನ್ನೂ ದಾಟಿ, ಊರಿನ ಕೊನೆಯ ಪೆಟ್ರೋಲ್ ಬಂಕಿನ ಹತ್ತಿರ ಎಡಕ್ಕೆ ಹೊರಳಿತು. ಅವಳು ಗೇರು ಬದಲಿಸುವಾಗ ಕೆಳತುಟಿಯನ್ನು ಸ್ವಲ್ಪ ಕಚ್ಚಿಕೊಳ್ಳುತ್ತಾಳೆ, ಬದಲಾಯಿತೆಂದರೆ ಬಿಟ್ಟುಬಿಡುತ್ತಾಳೆ. ಐವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋದವಳು. ಕಲಿಸುವವನು ಮೊದಲ ದಿನ "ಅಜ್ಜಿ, ಇದು ಹೊಲಿಗೆ ಯಂತ್ರ ಅಲ್ಲ" ಎಂದಿದ್ದನಂತೆ. "ಗೊತ್ತಪ್ಪ, ಹೊಲಿಗೆ ಯಂತ್ರ ಆಗಿದ್ರೆ ನಿನ್ನ ಬಾಯಿ ಹೊಲಿದಿರ್ತಿದ್ದೆ" ಎಂದು ಇವಳು ಹೇಳಿದ್ದಳಂತೆ. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿಗೂ ಊರಿಗೂ ಮಾತು ಕೂಡಿಸಿದವಳು ಅವಳು. ಅವನು ಊರಿಗೂ ಊರಿಗೂ ಗೆರೆ ಕೂಡಿಸಿದವನು. ಇಬ್ಬರೂ ರಾಜ್ಯದ ಮೂಲೆಮೂಲೆಯನ್ನು ಬಲ್ಲವರು. ಇಬ್ಬರೂ ಎಲ್ಲಿಗೂ ಹೋದವರಲ್ಲ. ಅದಕ್ಕೇ ಈ ಎರಡು ವರ್ಷ ಒಂದೊಂದು ಊರು ಎದುರಾದಾಗಲೂ ಅವನಿಗೆ ಎದೆ ಹಿಗ್ಗುತ್ತಿತ್ತು. ತಾನು ಸ್ಟೆನ್ಸಿಲ್ಲಿನಲ್ಲಿ ತುಂಬಿದ್ದ ಎರಡು ಮಿಲಿಮೀಟರಿನ ಕಪ್ಪು ಚುಕ್ಕೆಯಲ್ಲಿ ಜನ ಹಲ್ಲುಜ್ಜುತ್ತಿದ್ದರು, ಜಗಳವಾಡುತ್ತಿದ್ದರು, ಹಗ್ಗದ ಮೇಲೆ ಹಾಸಿಗೆ ಒಣಹಾಕಿದ್ದರು. ಅವಳಂತೂ ಪ್ರತಿ ಊರಿಗೂ ಒಂದು ದನಿ ಇಟ್ಟುಕೊಂಡಿದ್ದಳು. "ಇಲ್ಲಿ ಒಬ್ಬ ಆಪರೇಟರ್ ಇದ್ದ, ಲೈನ್ ಕೊಡೋ ಮುಂಚೆ ಒಂದು ಸಲ ಕೆಮ್ಮಲೇಬೇಕು," ಎನ್ನುವಳು. ನಾಲ್ಕನೇ ಹೆದ್ದಾರಿಯ ಕೊನೆಯಲ್ಲಿ ಅಂಥ ಒಂದು ಕೆಮ್ಮು ಔಷಧಿ ಅಂಗಡಿಯ ಮುಂದೆ ನಿಜವಾಗಿ ಕೇಳಿಸಿ, ಅವಳು ಕಾರು ನಿಲ್ಲಿಸಿ ಇಳಿದುಹೋಗಿ, ಆ ಮುದುಕನ ಜೊತೆ ಒಂದು ಗಂಟೆ ಹರಟಿ ಬಂದಿದ್ದಳು. ಆ ದಿನ ದಾರಿಯುದ್ದಕ್ಕೂ ಅವಳು ಹಾಡು ಗುನುಗಿದ್ದನ್ನು ನೆನೆದರೆ ಈಗಲೂ ಅವನಿಗೆ ಸುಖವೆನಿಸುತ್ತದೆ. ಇಷ್ಟು ಸುಖ ತನಗೆ ಸಲ್ಲುವುದೇ ಎಂಬ ಅನುಮಾನವೂ ಅದರ ಬೆನ್ನಿಗೇ ಬರುತ್ತದೆ.

ಮೊದಲ ಕಲ್ಲು ಕಂಡಿತು. ಮೂವತ್ತೇಳು ಎಂಬ ಅಂಕೆ, ಅದರ ಕೆಳಗೆ ಸೊನ್ನೆ. ಅವಳು ಪದ್ಧತಿಯಂತೆ ಕಾರು ನಿಧಾನ ಮಾಡಿ ಕಲ್ಲಿಗೆ ಎರಡು ಬೆರಳು ಎತ್ತಿ ಸಲಾಮು ಹೊಡೆದಳು. ಅವನು ಕಿಟಕಿಯ ಗಾಜು ಇಳಿಸಿದ. ಎರಡೂ ಕಡೆ ಕೊಯ್ದ ಹೊಲ, ಹಸಿ ಹುಲ್ಲಿನ ವಾಸನೆ, ತಂತಿಯ ಮೇಲೆ ಸಾಲಾಗಿ ಕೂತ ಹಕ್ಕಿಗಳು. ರಸ್ತೆ ಒಂದು ಸಣ್ಣ ದಿಣ್ಣೆ ಹತ್ತಿ ಇಳಿಯಿತು. ಈ ದಿಣ್ಣೆ ಅವನಿಗೆ ಗೊತ್ತು, ಎರಡನೇ ಹಾಳೆಯಲ್ಲಿ ಇದರ ಗೆರೆಗಳನ್ನು ಎಳೆಯುವಾಗ ಮಗಳಿಗೆ ಜ್ವರವಿತ್ತು. ಹತ್ತೊಂಬತ್ತನೇ ಹಾಳೆ ಬರುವುದು ಅರವತ್ತೊಂದನೇ ಕಲ್ಲಿಗೆ. ಆ ಹಾಳೆ ಮುಗಿಸಬೇಕಿದ್ದ ದಿನ ಕೂಡ ಇಂಥದ್ದೇ ತಣ್ಣನೆಯ ಬೆಳಗು. ಕಚೇರಿಯ ಉತ್ತರದ ಕಿಟಕಿಯ ಪಕ್ಕ ಅವನ ಎತ್ತರದ ಮೇಜು, ಓರೆಯಾಗಿ ಕೂರಿಸಿದ ಹಲಗೆ, ಅದರ ಮೇಲೆ ಸರ್ವೆಯವರ ಪೆನ್ಸಿಲ್ ನಕ್ಷೆ, ಅದರ ಮೇಲೆ ಬಿಗಿಯಾಗಿ ಎಳೆದು ಅಂಟಿಸಿದ ಟ್ರೇಸಿಂಗ್ ಬಟ್ಟೆ. ಒಂಬತ್ತು ದಿನದ ಕೆಲಸ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಹಾಳೆ ನೀಲಿ ಪ್ರತಿಯ ಕೋಣೆಗೆ ಹೋಗಬೇಕು. ಅವನನ್ನು ಕಚೇರಿಯಲ್ಲಿ ಎಲ್ಲರೂ 'ಸ್ಕೇಲು' ಎಂದು ಕರೆಯುತ್ತಿದ್ದರು. ಎದುರಿಗೆ ಸ್ಕೇಲು ಸಾಹೇಬ್ರು, ಹಿಂದೆ ಬರೀ ಸ್ಕೇಲು. ಅವನ ಗೆರೆ ನಡುಗುವುದಿಲ್ಲ ಎಂಬುದು ಹೆಸರುವಾಸಿ. ಆ ದಿನ ಯಾರೋ ಹಿಂದಿನಿಂದ "ಸ್ಕೇಲೂ, ಟೀ" ಎಂದರು. ತಿರುಗಿದ, ಅಷ್ಟೆ. ಪೆನ್ನಿನ ತುದಿಯಿಂದ ಒಂದು ಹನಿ ಶಾಯಿ ರಸ್ತೆಯ ಮೇಲೆಯೇ ಬಿತ್ತು.

ಎಲ್ಲ ನಕ್ಷೆಗಾರರೂ ಮಾಡುವಂತೆ ಅವನು ಅರ್ಧ ಬ್ಲೇಡು ತೆಗೆದು ಮೆಲ್ಲಗೆ ಕೆರೆದ. ಶಾಯಿ ಹೋಯಿತು, ಅದರ ಜೊತೆಗೆ ಬಟ್ಟೆಯೂ ಹೋಯಿತು. ಕಡಲೆಕಾಳಿನಷ್ಟು ತೂತು. ಅದರ ಮೇಲೆ ಇನ್ನು ಗೆರೆ ನಿಲ್ಲುವಂತಿಲ್ಲ. ಹೊಸ ಹಾಳೆ ಹಿಡಿದರೆ ಮತ್ತೆ ಒಂಬತ್ತು ದಿನ, ದೊಡ್ಡ ಸಾಹೇಬರ ಮುಂದೆ ತಲೆ ತಗ್ಗಿಸುವುದು, ಸ್ಕೇಲಿನ ಕೈಯೂ ನಡುಗುತ್ತದಂತೆ ಎಂದು ಇಡೀ ಕೋಣೆ ಹಲ್ಲು ಕಿರಿಯುವುದು. ಅವನು ಆಚೀಚೆ ನೋಡಿದ. ಎಲ್ಲರೂ ಟೀ ಕುಡಿಯುತ್ತಿದ್ದರು. ಬಾಗುಗೆರೆ ಎಳೆಯುವ ಕರ್ವ್ ಪಟ್ಟಿಗಳಲ್ಲಿ ಒಂದನ್ನು ಆರಿಸಿ, ರಸ್ತೆಯನ್ನು ತೂತಿನ ಬಲಗಡೆಯಿಂದ ಬಳಸಿ, ಮತ್ತೆ ಮೊದಲಿನ ಗೆರೆಗೆ ತಂದು ಸೇರಿಸಿದ. ಎಷ್ಟು ಚೆನ್ನಾಗಿ ಬಂತೆಂದರೆ, ಒಂದು ಕ್ಷಣ ಅವನಿಗೆ ಹೆಮ್ಮೆಯೂ ಆಯಿತು. ಸಾಹೇಬರು ಮೂರಕ್ಕೆ ಐದು ನಿಮಿಷ ಇರುವಾಗ ಕಣ್ಣೆತ್ತದೆ ಸಹಿ ಹಾಕಿದರು. ಕಾಗದದ ಮೇಲಿನ ಕಡಲೆಕಾಳು ನೆಲದ ಮೇಲೆ ಇನ್ನೂರು ಮೀಟರು. ಬಯಲಿನ ನಡುವೆ, ಕಾರಣವಿಲ್ಲದೆ, ವೇಗವಾಗಿ ಬರುವವನು ಕನಸಿನಲ್ಲೂ ಎಣಿಸದ ಒಂದು ತಿರುವು. ಅದು ಅವನಿಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಆಮೇಲೆ ಇಡೀ ರಾಜ್ಯದ ನಕ್ಷೆ ಬರೆಯುವಾಗ ಆ ಬಾಗನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಜನ ಆ ತಿರುವಿನಲ್ಲಿ ಸ್ಟೀರಿಂಗು ತಿರುಗಿಸುತ್ತಿರುವಾಗ ತಾನು ಅದನ್ನು ನಕ್ಷೆಯಿಂದ ಅಳಿಸಿದರೆ ಅದು ಎರಡನೇ ಅಪರಾಧ ಎಂದು ಅವನಿಗೆ ಅನಿಸಿತ್ತು.

"ಇಪ್ಪತ್ತೆರಡು," ಎಂದಳು ಹೆಂಡತಿ. "ಟೀ ಕುಡಿಯೋಣ್ವಾ?"

ಒಂದು ಕೂಡುರಸ್ತೆಯಲ್ಲಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಬೇಯಿಸಿದ ಮೊಟ್ಟೆ, ಬ್ರೆಡ್ಡು ಇಟ್ಟುಕೊಂಡು ತಿಂದರು. ಟೀ ನಿಜಕ್ಕೂ ಚೆನ್ನಾಗಿತ್ತು. ಅವಳು ಲೋಟದ ಮೇಲಿನಿಂದ ಅವನನ್ನೇ ನೋಡುತ್ತ, "ಈ ದಾರೀಲಿ ಟೀ ಸಿಗಲ್ಲ ಅಂತ ಯಾರೋ ಹೇಳಿದ್ರಪ್ಪ," ಎಂದಳು. ಅವನು ಮೊಟ್ಟೆಯ ಸಿಪ್ಪೆ ಸುಲಿಯುವುದರಲ್ಲಿ ತಲೆ ಹುದುಗಿಸಿದ. ಅವಳ ಕೂದಲಲ್ಲಿ ಗಾಳಿ ಆಡುತ್ತಿತ್ತು. ಈ ಹೆಂಗಸು ಮೂವತ್ತು ವರ್ಷ ನನ್ನ ಎದುರು ಕೂತು ಊಟ ಮಾಡಿದ್ದಾಳೆ, ನಾನು ಅವಳ ತಲೆಯ ಮೇಲಿನಿಂದ ಗೋಡೆಯನ್ನೋ ಪೇಪರನ್ನೋ ನೋಡಿಕೊಂಡು ಅನ್ನ ನುಂಗಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ದಿನಾ ಬೆಳಗ್ಗೆ ಪೇಪರು ಬಂದರೆ ಅವನು ಮೊದಲು ತೆರೆಯುತ್ತಿದ್ದದ್ದು ಅಪಘಾತದ ಪುಟ. ಮೂವತ್ತೇಳನೇ ಹೆದ್ದಾರಿಯಲ್ಲಿ ಲಾರಿ ಉರುಳಿ ಇಬ್ಬರಿಗೆ ಗಾಯ. ಮೂವತ್ತೇಳನೇ ಹೆದ್ದಾರಿಯ ತಿರುವಿನಲ್ಲಿ ವ್ಯಾನು ಪಲ್ಟಿ. ಯಾವ ತಿರುವೆಂದು ಯಾವ ಪುಣ್ಯಾತ್ಮನೂ ಬರೆಯುತ್ತಿರಲಿಲ್ಲ. ಇಂಥ ಏಳು ತುಂಡುಗಳನ್ನು ಕತ್ತರಿಸಿ, ಮೂಲೆಮಟ್ಟಗಳ ಮರದ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ. ನಿವೃತ್ತಿಯ ದಿನ ಹೊಸ ಸಾಹೇಬರು ಮೈಕಿನ ಮುಂದೆ, "ಇವರ ಕೈಯಿಂದ ಒಂದೇ ಒಂದು ತಪ್ಪು ಗೆರೆ ಬಂದಿಲ್ಲ" ಎಂದಾಗ ಜನ ಚಪ್ಪಾಳೆ ತಟ್ಟಿದರು, ಮುಂದಿನ ಸಾಲಿನಲ್ಲಿದ್ದ ಹೆಂಡತಿ ಎಲ್ಲರಿಗಿಂತ ಜೋರಾಗಿ. ಅವನು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ.

ನಲವತ್ತೆಂಟನೇ ಕಲ್ಲು ದಾಟಿದ ಮೇಲೆ ಅವನು ಕಲ್ಲುಗಳನ್ನು ಎಣಿಸತೊಡಗಿದ. ಇನ್ನು ಹದಿಮೂರು. ಅವಳು ಇಂದು ಎಂದಿಗಿಂತ ವೇಗವಾಗಿದ್ದಳು. ರಸ್ತೆ ಖಾಲಿ, ಮನಸ್ಸು ಖುಷಿ, ಯಾವುದೋ ಹಳೆಯ ಹಾಡಿನ ಅರ್ಧ ಸಾಲು. ಐವತ್ತು, ಐವತ್ತೆರಡು, ಐವತ್ತೈದು. ಏನೂ ಗೊತ್ತಿಲ್ಲದೆ ಇವಳು ನನ್ನ ತಿರುವಿಗೆ ಹೀಗೇ ನುಗ್ಗಿದರೆ ಎಂದು ಹೊಳೆದದ್ದೇ ತಡ, ಅವನು ಡ್ಯಾಶ್‌ಬೋರ್ಡಿಗೆ ಕೈ ಊರಿದ.

"ನಿಧಾನ ಮಾಡು," ಎಂದ. "ಮುಂದೆ ಒಂದು ಕೆಟ್ಟ ತಿರುವಿದೆ."

"ಎಲ್ಲಿ? ಕಣ್ಣಿಗೆ ಕಾಣೋವರೆಗೂ ನೆಟ್ಟಗಿದೆಯಲ್ಲ."

"ಅರವತ್ತೊಂದನೇ ಕಲ್ಲಿನ ಹತ್ತಿರ. ನಾನು ಮಾಡಿದ್ದು."

ಅವಳು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಅವನು ಹೇಳಿದ. ಶಾಯಿಯ ಹನಿಯಿಂದ ಹಿಡಿದು ಚಪ್ಪಾಳೆಯವರೆಗೆ, ಕಣ್ಣನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಪಾಠ ಒಪ್ಪಿಸುವವನಂತೆ ಹೇಳಿ ಮುಗಿಸಿದ. ಎಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು.

"ಆ ಪೆಟ್ಟಿಗೆ ನಾನು ನೋಡಿದ್ದೆ," ಎಂದಳು ಕೊನೆಗೆ.

"ಯಾವಾಗ?"

"ಮಗಳು ಹೈಸ್ಕೂಲಲ್ಲಿದ್ದಾಗ. ಅವಳಿಗೆ ಮೂಲೆಮಟ್ಟ ಬೇಕು ಅಂತ ತೆಗೆದೆ. ನೋಡಿದ್ರೆ ಬರೀ ಲಾರಿ ಬಿದ್ದಿದ್ದು, ವ್ಯಾನು ಬಿದ್ದಿದ್ದು. ನಿಮಗೆ ವಾಹನ ಅಂದ್ರೆ ಪ್ರಾಣಭಯ, ಹೇಳ್ಕೊಳ್ಳೋಕೆ ನಾಚಿಕೆ ಅಂದ್ಕೊಂಡೆ. ಅದಕ್ಕೇ ಅಲ್ವಾ ನೀವು ಕಾರು ಕಲೀಲೇ ಇಲ್ಲ, ಎಲ್ಲಿಗೂ ಹೊರಡ್ತಿರಲಿಲ್ಲ. ಇವರನ್ನ ಯಾರಾದ್ರೂ ಒಬ್ಬರು ಧೈರ್ಯವಾಗಿ ಕೂರಿಸ್ಕೊಂಡು ಹೋಗಬೇಕು ಅಂತ ನಾನು ಕಲಿತೆ. ಆ ಅಜ್ಜಿ ಅನ್ನೋನ ಹತ್ರ ಎಷ್ಟು ಅನ್ನಿಸ್ಕೊಂಡಿದ್ದೀನಿ ಗೊತ್ತಾ?"

ಅವಳಿಗೆ ಈಗ ಸಿಟ್ಟು ಬರುತ್ತದೆ, ಬರಬೇಕು ಎಂದು ಕಾದ. ಆದರೆ ಅವಳು ಕೈ ಚಾಚಿ ಅವನ ಕಿವಿಯನ್ನು ಹಿಡಿದು ಒಂದು ಸಲ ಜಗ್ಗಿದಳು, ನೋವಾಗುವಷ್ಟೇ.

"ಇಷ್ಟು ವರ್ಷ ಹೊಟ್ಟೇಲಿಟ್ಕೊಂಡು ಕೂತಿದ್ರಲ್ಲ. ನನಗೆ ಹೇಳಿದ್ರೆ ನಾನೇನು ಪೇಪರಿಗೆ ಹಾಕಿಸ್ತಿದ್ನಾ?" ಎಂದು ಕೀಲಿ ತಿರುಗಿಸಿದಳು. "ನಡೀರಿ, ನಿಮ್ಮ ತಿರುವು ಎಷ್ಟು ಕೆಟ್ಟದ್ದು ಅಂತ ನೋಡೇಬಿಡೋಣ."

ಅರವತ್ತನೇ ಕಲ್ಲು. ಅವಳು ಎರಡನೇ ಗೇರಿಗೆ ಇಳಿಸಿದ್ದಳು. ಪಕ್ಕದಲ್ಲಿ ಒಬ್ಬ ಸೈಕಲ್ಲಿನವನು ಇವರನ್ನು ಹಿಂದೆ ಹಾಕಿ ಹೋದ. ಕಾರಿನೊಳಗೆ ಅವನು ಸೀಟಿನ ಅಂಚಿಗೆ ಬಂದು ಕೂತಿದ್ದ. ಬಲಗಡೆ ಬಯಲು, ಎಡಗಡೆ ಬಯಲು, ದೂರದಲ್ಲಿ ಒಂದು ನೀರಿನ ಟ್ಯಾಂಕು, ಎಲ್ಲ ಹಾಳೆಯಲ್ಲಿದ್ದ ಹಾಗೇ. ಅರವತ್ತೊಂದನೇ ಕಲ್ಲು ಬಂತು. ಹೋಯಿತು. ರಸ್ತೆ ನೆಟ್ಟಗಿತ್ತು. ಅರವತ್ತೆರಡು ಬಂದರೂ ನೆಟ್ಟಗೇ ಇತ್ತು. ಅವಳು ಕಾರು ಹಿಂತಿರುಗಿಸಿ ಅರವತ್ತೊಂದಕ್ಕೆ ಬಂದಳು. ಇಬ್ಬರೂ ಇಳಿದರು. ಅವನು ರಸ್ತೆಯ ನಡುವೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ನಲವತ್ತು ವರ್ಷ ಪಳಗಿದ ಕಣ್ಣು ಅದು. ಗೆರೆ ಕೂದಲಿನಷ್ಟೂ ಬಾಗಿರಲಿಲ್ಲ.

ಕಲ್ಲಿನಿಂದ ಸ್ವಲ್ಪ ಆಚೆ ತಗಡಿನ ಮಾಡಿನ ಒಂದು ಪಂಕ್ಚರ್ ಅಂಗಡಿ. ಅಲ್ಲಿ ಟೈರುಗಳ ನಡುವೆ ಕೂತಿದ್ದ ಮುದುಕ ಇವರ ಓಡಾಟವನ್ನು ಆಗಲೇ ಗಮನಿಸುತ್ತಿದ್ದ. "ಏನು ಬೀಳಿಸ್ಕೊಂಡ್ರಿ?" ಎಂದು ಕೂಗಿ ಕೇಳಿದ.

"ಒಂದು ತಿರುವು, ಯಜಮಾನ್ರೆ," ಎಂದಳು ಹೆಂಡತಿ. "ಇಲ್ಲೇ ಎಲ್ಲೋ ಇರಬೇಕಿತ್ತಂತೆ."

ಮುದುಕ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. ಇಬ್ಬರನ್ನೂ ಕೆಳಗಿನಿಂದ ಮೇಲಿನವರೆಗೆ ನೋಡಿದ. ಆಮೇಲೆ ಅವನ ಮುಖ ಅರಳಿತು. "ಆ ತಿರುವು ನಿಮಗೆ ಹೆಂಗೆ ಗೊತ್ತು? ನಾನು ಈ ರಸ್ತೆಗೆ ಜಲ್ಲಿ ಹಾಕಿದೋನು. ಗ್ಯಾಂಗಿನ ಮೇಸ್ತ್ರಿ ಆಗಿದ್ದೆ. ಇಲ್ಲಿಗೆ ಬಂದಾಗ ನಮ್ಮ ಎಂಜಿನಿಯರು ನೀಲಿ ಕಾಗದ ಬಿಚ್ಚಿದ್ರು, ನೋಡಿದ್ರೆ ಬಟ್ಟ ಬಯಲಲ್ಲಿ ರಸ್ತೆ ಬಳಸ್ಕೊಂಡು ಹೋಗಿದೆ. ಬಾವಿ ಇಲ್ಲ, ಬಂಡೆ ಇಲ್ಲ, ಮರ ಇಲ್ಲ. ಅವರು ಕಾಗದ ತಿರುಗಿಸಿ ನೋಡಿದ್ರು, ಮಗುಚಿ ನೋಡಿದ್ರು. ನಾವೂ ಎಲ್ಲ ಬಗ್ಗಿ ಬಗ್ಗಿ ನೋಡಿದ್ವಿ. ಇದನ್ನ ಬರೆದೋನಿಗೆ ಅವತ್ತು ಮನೇಲಿ ಹೆಂಡತಿ ಜೊತೆ ಜಗಳ ಆಗಿರಬೇಕು, ಹಾದೀಲಿ ಅವಳು ನಿಂತಿದ್ದಾಳೆ ಅಂತ ಬಳಸ್ಕೊಂಡು ಹೋಗಿದ್ದಾನೆ ಅಂದ್ರು."

"ಆಮೇಲೆ?" ಎಂದ ಅವನು.

"ಆಮೇಲೇನು, ಕಾಗದ ಮಡಿಸಿಟ್ರು. ನಾವು ಈ ಕಲ್ಲಿಂದ ಆ ಕಲ್ಲಿಗೆ ಹಗ್ಗ ಎಳೆದ್ವಿ, ನೆಟ್ಟಗೆ ಹಾಕಿದ್ವಿ. ಆದ್ರೆ ಒಂದು ವಾರ ನಕ್ಕಿದ್ದೀವಿ ಸ್ವಾಮಿ. ಬಿಸಿಲಲ್ಲಿ ಟಾರು ಸುರಿಯೋ ಕೆಲಸ, ನಗು ಎಲ್ಲಿಂದ ಬರಬೇಕು? ಯಾರಾದ್ರೂ ಸುಮ್ಮನೆ ನಡ್ಕೊಂಡು ಬಂದು ಇಲ್ಲಿ ಬಳಸ್ಕೊಂಡು ಹೋಗೋರು, ಎಲ್ಲರೂ ಹೊಟ್ಟೆ ಹಿಡ್ಕೊಳ್ಳೋರು."

"ಇಲ್ಲಿ ಲಾರಿ ಉರುಳಿದ್ದು..."

"ಇಲ್ಲಿಯಾ? ಇಲ್ಲಿ ಉರುಳೋಕೆ ಏನಿದೆ? ಅದೆಲ್ಲ ತೊಂಬತ್ತನೇ ಕಲ್ಲಿನ ಹತ್ರ, ಹೊಳೆ ದಂಡೆ ತಿರುವಲ್ಲಿ. ಅದು ಹೊಳೆ ಮಾಡಿದ ತಿರುವು, ಮನುಷ್ಯರದ್ದಲ್ಲ."

ಅವನು ಒಂದು ಟೈರಿನ ಮೇಲೆ ಕೂತ. ಮೂವತ್ತು ವರ್ಷ ಹೊತ್ತದ್ದನ್ನು ಯಾರೋ ತಟ್ಟನೆ ಇಳಿಸಿಕೊಂಡಿದ್ದರು, ಆದರೆ ಹೆಗಲಿಗೆ ಅದು ತಕ್ಷಣ ತಿಳಿಯಲಿಲ್ಲ. ಮೊದಲು ಬಂದದ್ದು ಅವಮಾನ. ಒಬ್ಬರೂ ತನ್ನ ಗೆರೆಯನ್ನು ನಂಬಲಿಲ್ಲವೇ? ಅಷ್ಟು ಚಂದದ ಬಾಗು. ಒಂಬತ್ತು ದಿನದ ಹಾಳೆ ಮಡಿಸಿಟ್ಟು ಹಗ್ಗ ಎಳೆದರೇ? ಕೊಲೆಗಾರನೆಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಒಳಗೊಳಗೇ, ಇಷ್ಟು ದೊಡ್ಡ ನೆಲದ ಮೇಲೆ ನನ್ನ ಕೈಯ ಗುರುತು ಎಲ್ಲೋ ಒಂದು ಕಡೆಯಾದರೂ ಇದೆ ಎಂದು ತಾನು ಬೀಗಿದ್ದೂ ಉಂಟು ಎಂಬುದು ಅವನಿಗೆ ಆಗ, ಟ್ಯೂಬಿಗೆ ಹಚ್ಚುವ ಆ ಸೊಲ್ಯೂಷನ್ನಿನ ವಾಸನೆಯ ನಡುವೆ, ನಿಚ್ಚಳವಾಗಿ ಕಂಡಿತು. ಅದೂ ಹೋಯಿತು. ಕಚೇರಿಯಲ್ಲಿ ಹತ್ತು ಜನ ನಗುತ್ತಾರೆಂದು ಅವನು ಆ ಬಾಗು ಎಳೆದಿದ್ದ. ಇಲ್ಲಿ ಇಡೀ ಗ್ಯಾಂಗು ಒಂದು ವಾರ ಸುಡುಬಿಸಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಬಿಸಿ ಟಾರು ಹೊತ್ತ ಆ ಜನ, ಏನೂ ಇಲ್ಲದ ಬಯಲಲ್ಲಿ, ಇಲ್ಲದ ಹೆಂಡತಿಯನ್ನು ಬಳಸಿಕೊಂಡು ನಡೆಯುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಅವನ ಹೊಟ್ಟೆಯ ತಳದಿಂದ ಏನೋ ಮೇಲೆ ಬಂತು. ಅಳುವೆಂದು ಹೆದರಿ ಬಾಯಿಗೆ ಕೈ ಅಡ್ಡ ಹಿಡಿದ. ಅದು ನಗು. ಹೆಂಡತಿ ಆಗಲೇ ಅಂಗಡಿಯ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

"ಆ ನಕ್ಷೆ ಬರೆದೋನು ಇವರೇ," ಎಂದಳು. "ಹಾದೀಲಿ ನಿಂತಿದ್ದ ಹೆಂಡತಿ ನಾನೇ."

ಮುದುಕ ಎದ್ದು ನಿಂತ. ತಪ್ಪು ಮಾತಾಡಿದೆನೇನೋ ಎಂದು ನಾಲಗೆ ಕಚ್ಚಿಕೊಂಡ. ಆಮೇಲೆ ಕಪ್ಪಾದ ಎರಡೂ ಕೈಗಳನ್ನು ಅಂಗಿಗೆ ಒರೆಸಿ ಅವನ ಕೈ ಹಿಡಿದುಕೊಂಡು, "ನಿಮ್ಮಿಂದ ಭಾಳ ಸಂತೋಷ ಆಗಿತ್ತು ಸ್ವಾಮಿ," ಎಂದ. ನಿವೃತ್ತಿಯ ದಿನದ ಭಾಷಣ, ಚಪ್ಪಾಳೆ ಯಾವುದೂ ಅವನಿಗೆ ಇಷ್ಟು ನಾಟಿರಲಿಲ್ಲ.

ಕಾರಿಗೆ ಬಂದಾಗ ಹೆಂಡತಿ ಚಾಲಕನ ಬಾಗಿಲು ತೆರೆದು ಹಿಡಿದು ನಿಂತಳು. "ನೀವು ಕೂರಿ."

"ನನಗೆ ಬರಲ್ಲ ಕಣೇ. ಲೈಸನ್ಸೂ ಇಲ್ಲ."

"ಕಲಿಯೋರ ಲೈಸನ್ಸು ಇದೆ. ಹೋದ ತಿಂಗಳು ಆ ಕಚೇರಿಗೆ ಕರ್ಕೊಂಡು ಹೋಗಿ, ಕಣ್ಣು ತೋರಿಸಿ, ಎರಡು ಕಡೆ ನಿಮ್ಮ ಸಹಿ ಹಾಕಿಸ್ದೆ. ಏನು ಎತ್ತ ಅಂತ ನೀವು ತಲೆ ಎತ್ತಿ ನೋಡ್ಲಿಲ್ಲ. ನಿಮ್ಮ ದೊಡ್ಡ ಸಾಹೇಬರ ಹಾಗೇನೇ. ಇಷ್ಟು ನೆಟ್ಟಗಿರೋ ರಸ್ತೆ ಇನ್ನೆಲ್ಲಿ ಸಿಗತ್ತೆ? ಕೂರಿ."

ಕೂತ. ಅವಳು ಹೇಳಿದ್ದನ್ನೆಲ್ಲ ಮಾಡಿದ. ಕಾರು ಎರಡು ಸಲ ಎಗರಿ ನಿಂತಿತು, ಮೂರನೇ ಸಲ ಮುಲುಗುತ್ತ ಹೊರಟಿತು. ಅಂಗಡಿಯ ಮುದುಕ ಕೈಯೆತ್ತಿ ಬೀಸುತ್ತಿದ್ದ. ರಸ್ತೆ ಅವನ ಕೆಳಗೆ ಹರಿದು ಬರತೊಡಗಿತು. ನಲವತ್ತು ವರ್ಷ ಅವನು ರಸ್ತೆಯನ್ನು ಮೇಲಿನಿಂದ, ಹಕ್ಕಿಯ ಎತ್ತರದಿಂದ ನೋಡಿದವನು. ಎರಡು ವರ್ಷ ಪಕ್ಕದ ಸೀಟಿನಿಂದ. ಹೀಗೆ ಎದುರಿನಿಂದ, ತನ್ನ ಎರಡು ಕೈಗಳ ನಡುವಿನಿಂದ ನೋಡಿರಲಿಲ್ಲ. ಅಂಗಾಲಿಗೆ ಎಂಜಿನ್ನಿನ ನಡುಕ, ಮುಖಕ್ಕೆ ಗಾಳಿ, ಪಕ್ಕದಲ್ಲಿ ಉಸಿರು ಬಿಗಿಹಿಡಿದ ಹೆಂಡತಿ. "ನಿಮ್ಮ ಕೈ ನಡುಗ್ತಿದೆ, ಸ್ಕೇಲು ಸಾಹೇಬ್ರೆ," ಎಂದಳು. "ನಡುಗಲಿ ಬಿಡು," ಎಂದ. ಅವನಿಗೆ ತುಂಬಾ ಸಂತೋಷವಾಗುತ್ತಿತ್ತು.

ಅಂಗಡಿ ದಾಟಿ ಅರ್ಧ ಫರ್ಲಾಂಗು ಹೋಗಿರಲಿಲ್ಲ, ರಸ್ತೆಯ ನಟ್ಟನಡುವೆ ಒಂದು ಕಪ್ಪು ನಾಯಿ ಮಲಗಿತ್ತು. ನಾಲ್ಕೂ ಕಾಲು ಚಾಚಿ, ಈ ಹೆದ್ದಾರಿ ತನಗಾಗಿಯೇ ಆದದ್ದೆಂಬಂತೆ ಬಿಸಿಲು ಕಾಯಿಸುತ್ತ ಮಲಗಿತ್ತು. "ಬ್ರೇಕು," ಎಂದಳು ಹೆಂಡತಿ, "ಎಡಗಡೆ ಕಾಲಲ್ಲ, ಬಲಗಡೆ." ಆದರೆ ಅಷ್ಟರಲ್ಲಿ ಅವನ ಕಾಲಿಗಿಂತ ಮೊದಲು ಕೈಗೆ ತಿಳಿದುಹೋಗಿತ್ತು. ಎದುರಿಗೆ ಯಾರೂ ಇರಲಿಲ್ಲ. ಮೆಲ್ಲಗೆ ಬಲಕ್ಕೆ, ಒಂದೇ ಅಳತೆಯಲ್ಲಿ, ಎಲ್ಲಿಯೂ ಮೂಲೆ ಮಾಡದೆ. ನಾಯಿಯ ಪಕ್ಕಕ್ಕೆ ಬಂದಾಗ ಒಂದು ಗಳಿಗೆ ಹಾಗೇ ಹಿಡಿದು. ಮತ್ತೆ ಮೆಲ್ಲಗೆ ಎಡಕ್ಕೆ, ಬಿಟ್ಟ ಗೆರೆಗೇ ಬಂದು ಸೇರುವವರೆಗೆ. ಆಗ ಅವನ ಕೈ ನಡುಗಲಿಲ್ಲ. ನಾಯಿ ಒಂದು ಕಿವಿಯನ್ನಷ್ಟೇ ಎತ್ತಿ ಇಳಿಸಿತು. ಹಿಂದೆ ದೂರದಲ್ಲಿ ಪಂಕ್ಚರ್ ಅಂಗಡಿಯ ಮುದುಕ ರಸ್ತೆಗೇ ಬಂದು ನಿಂತು, ಎರಡೂ ಕೈಯೆತ್ತಿ ಕುಣಿಯುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಹೆಂಡತಿ ಬಿಗಿಹಿಡಿದ ಉಸಿರನ್ನು ಬಿಟ್ಟಳು. "ತಿರುವು ಎಷ್ಟು ಚೆನ್ನಾಗಿ ಹಾಕಿದ್ರಿ ರೀ," ಎಂದಳು.

"ಹಾರ್ನು ಎಲ್ಲಿದೆ?" ಎಂದು ಕೇಳಿದ. ಅವಳು ಅವನ ಕೈ ಹಿಡಿದು ಅದರ ಮೇಲಿಟ್ಟಳು. ಅವನು ಎರಡು ಸಲ ಒತ್ತಿದ.